‘ನಂದು’ ಎಂಬ ಕೂಗು

“ಬುದ್ಧಿ, ನಾನು ಸೌಟು ಕೆಳಗಿಟ್ರೆ ಈ ಅಡುಗೆಮನೆ ಗತಿ ಏನು?”

ಮಠದ ಗುರುಗಳನ್ನು ಹೀಗೆ ಕೇಳಿದವನು ಅಲ್ಲಿನ ದಾಸೋಹದ ಹಿರಿಯ ಅಡುಗೆಯವನಾದ ಶಿವರುದ್ರಯ್ಯ. ಪ್ರಾಯದಲ್ಲಿ ಬಂದು ಕೊಪ್ಪರಿಗೆಯ ಮುಂದೆ ನಿಂತವನು ತಲೆ ನರೆತರೂ ಅಲ್ಲಿಂದ ಕದಲಿರಲಿಲ್ಲ. ಇನ್ನು ಮೇಲೆ ಅಡುಗೆಯ ಹೊಣೆಯನ್ನು ಅವನ ಕೈಕೆಳಗಿನ ಮಾದೇಶನಿಗೆ ಒಪ್ಪಿಸಬೇಕೆಂದು ಮಠದ ಹಿರಿಯರು ಹೇಳಿದ್ದರು. ಆ ಮಾತು ಶಿವರುದ್ರಯ್ಯನಿಗೆ ಚುಚ್ಚಿತ್ತು.

“ಮಾದೇಶ ಕೆಟ್ಟವನಲ್ಲ ಬುದ್ಧಿ. ಆದ್ರೆ ಒಲೆ ಮುಂದೆ ಸದಾ ಕಾಲಿಗೆ ತೊಡರಿಕೊಳ್ತಾನೆ. ಅವನನ್ನ ಬೇರೆ ಮಠಕ್ಕೆ ಕಳಿಸ್ಬಿಡಿ. ನನ್ನ ಕೈಲಿ ಆಗೋವರೆಗೂ ನಾನೇ ನೋಡ್ಕೋತೀನಿ,” ಎಂದ.

ಅಜ್ಜಿಯ ಕೋಳಿ ಕೂಗದಿದ್ದರೂ ಬೆಳಗಾಗುತ್ತದೆ ಎಂದು ಗಾದೆ ಹೇಳಿ ಕಳಿಸಬಹುದಿತ್ತು. ಆದರೆ ಗುರುಗಳು ಗಾದೆಯಲ್ಲಿ ಮುಗಿಸುವವರಲ್ಲ. ಪೂರ್ವಾಶ್ರಮದಲ್ಲಿ ಅವರು ಕಾರ್ಖಾನೆಯ ಊರಿನವರು. ಶಾಲೆ ಬಿಟ್ಟ ಕೂಡಲೇ ಮೈದಾನದ ಗೋಡೆ ಹತ್ತಿ ಕೂತು ಫುಟ್‌ಬಾಲ್ ನೋಡಿ ಬೆಳೆದವರು. ಆ ದಿನಗಳ ನೆನಪು ಬಂದರೆ ಈಗಲೂ ಅವರ ಮುಖ ಅರಳುತ್ತಿತ್ತು. “ಕೂತ್ಕೊಳ್ಳಪ್ಪ, ಒಬ್ಬ ಗೋಲ್‌ಕೀಪರ್ ಕತೆ ಹೇಳ್ತೀನಿ,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಂದು ಕಾರ್ಖಾನೆ ಇತ್ತು. ಆ ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು. ಚೆನ್ನಾಗಿ ಆಡುವವರನ್ನು ಕಾರ್ಖಾನೆಯವರೇ ಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ಬೆಳಿಗ್ಗೆ ಯಂತ್ರದ ಮುಂದೆ ನಿಂತರೆ ಮಧ್ಯಾಹ್ನದ ಮೇಲೆ ಮೈದಾನ. ಯಂತ್ರ ನೆಪಕ್ಕೆ, ಆಟವೇ ಅವರ ನಿಜವಾದ ಉದ್ಯೋಗ. ಇದು ಮೇಲಿನವರಿಗೂ ಗೊತ್ತಿತ್ತು, ಯಂತ್ರಕ್ಕೂ ಗೊತ್ತಿತ್ತು.

ಆ ತಂಡಕ್ಕೆ ಒಬ್ಬ ಗೋಲ್‌ಕೀಪರ್. ಎಂಥ ಕೀಪರ್! ಅವನು ಚೆಂಡನ್ನು ಎದೆಗವುಚಿಕೊಂಡರೆ ಆ ಸದ್ದು ಗೋಡೆಯ ಮೇಲೆ ಕೂತವರಿಗೂ ಕೇಳುತ್ತಿತ್ತು. ಅವನ ಕೈಬೆರಳು ಒಂದೂ ನೆಟ್ಟಗಿರಲಿಲ್ಲ. ಎಲ್ಲವೂ ಒಂದಲ್ಲ ಒಂದು ಪಂದ್ಯದಲ್ಲಿ ಮುರಿದು ಕೂಡಿಕೊಂಡವು. ಆಟ ಶುರುವಾಗುವ ಮುಂಚೆ ಎರಡು ಕಂಬವನ್ನೂ ಮುಟ್ಟಿ, ಹಾರಿ ಮೇಲಿನ ಅಡ್ಡಪಟ್ಟಿಯನ್ನು ಮುಟ್ಟುತ್ತಿದ್ದ. ಅವನು ಪಟ್ಟಿ ಮುಟ್ಟಿದ ಮೇಲೆಯೇ ಊರಿನವರಿಗೆ ಉಸಿರು. ಸಂಜೆ ಹೋಟೆಲಿಗೆ ಹೋದರೆ ಎಲ್ಲರೂ ಜಾಗ ಬಿಡುತ್ತಿದ್ದರು. ಹೆಣ್ಣುಮಕ್ಕಳು ತಮ್ಮ ಗಂಡುಮಕ್ಕಳಿಗೆ ಅವನ ಹೆಸರಿಟ್ಟರು. ಆ ದಿನಗಳು ಹಾಗಿದ್ದವು. ಊರು ಚಿಕ್ಕದು, ಮೈದಾನ ಚಿಕ್ಕದು, ಸಂತೋಷ ಮಾತ್ರ ದೊಡ್ಡದು.

ಕೀಪರನ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಚೆಂಡು ಎತ್ತರದಲ್ಲಿ ತೇಲಿ ಬಂದಾಗ ಅವನು “ನಂದು!” ಎಂದು ಕೂಗುತ್ತಾನೆ. ಆ ಕೂಗು ಕೇಳಿದರೆ, ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕ್ ಆಟಗಾರ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಬೇಕು. ಇಬ್ಬರೂ ಒಂದೇ ಚೆಂಡಿಗೆ ಹಾರಿದರೆ ಚೆಂಡು ಇಬ್ಬರಿಗೂ ಇಲ್ಲ. ಆದ್ದರಿಂದ ಆ ಕೂಗಿನ ಮೇಲೆ ಎದುರುಮಾತಿಲ್ಲ.

ಈ ಕೀಪರನ ಮುಂದೆ ಒಬ್ಬ ಬ್ಯಾಕ್ ಇದ್ದ. ಗಟ್ಟಿ ಆಳು, ಮಾತು ಕಡಿಮೆ. “ನಂದು” ಎಂದರೆ ಸಾಕು, ನೆರಳು ಸರಿದಂತೆ ಸರಿಯುತ್ತಿದ್ದ. ಹಾಗೆ ಅನೇಕ ವರ್ಷ ನಡೆಯಿತು.

ಒಂದು ಪಂದ್ಯದಲ್ಲಿ ಎದುರಾಳಿಯ ಮೊಣಕೈ ಕೀಪರನ ಎಡಗಣ್ಣಿಗೆ ಬಡಿಯಿತು. ಬಾವು ಇಳಿಯಿತು. ದೃಷ್ಟಿ ಪೂರ್ತಿ ಮರಳಲಿಲ್ಲ. ನೆಲದ ಮೇಲೆ ಬರುವ ಚೆಂಡಿಗೆ ತೊಂದರೆಯಿರಲಿಲ್ಲ. ಅದನ್ನು ಅವನು ಮೊದಲಿನಂತೆಯೇ ಹಿಡಿಯುತ್ತಿದ್ದ. ಆದರೆ ಪಂದ್ಯಗಳೆಲ್ಲ ಸಂಜೆ ನಡೆಯುತ್ತಿದ್ದವು. ಪೂರ್ವದ ಕಡೆಯ ಗೋಲಿನಲ್ಲಿ ನಿಂತಾಗ ಇಳಿಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಆಗ ಎತ್ತರದ ಚೆಂಡು ಅರ್ಧ ದಾರಿಯಲ್ಲಿ ಬೆಳಕಿನೊಳಗೆ ಕರಗಿಹೋಗುತ್ತಿತ್ತು.

ಅವನಿಗೆ ಹೆದರಿಕೆಯಾಯಿತು. ಆ ಎರಡು ಕಂಬಗಳ ನಡುವಿನ ಜಾಗ ಬಿಟ್ಟರೆ ಭೂಮಿಯ ಮೇಲೆ ತನಗೆ ಬೇರೆ ಜಾಗವಿಲ್ಲ ಎಂದು ಅವನು ನಂಬಿದ್ದ. ಕೀಪರ್ ಆದವನು ಏನು ಬೇಕಾದರೂ ಹೇಳಬಹುದು, ‘ಕಾಣಲಿಲ್ಲ’ ಎಂದು ಹೇಳಬಾರದು. ಹೇಳಿದ ದಿನವೇ ಕೈಗವಸು ಇನ್ನೊಬ್ಬನ ಪಾಲು. ಹಾಗಾಗಿ ಅವನು ಹೆಂಡತಿಗೂ ಹೇಳಲಿಲ್ಲ. ಕಾಣದಿದ್ದರೂ “ನಂದು!” ಎಂದು ಮೊದಲಿಗಿಂತ ಜೋರಾಗಿ ಕೂಗತೊಡಗಿದ. ಒಳಗೆ ಅಳುಕಿದವನ ಗಂಟಲು ದೊಡ್ಡದಾಗುವುದು ಲೋಕರೂಢಿ.

ವಿಚಿತ್ರವೆಂದರೆ, ಅದೇ ಹೊತ್ತಿಗೆ ಮುಂದಿನ ಬ್ಯಾಕ್ ಮಾತು ಕೇಳುವುದನ್ನು ಬಿಟ್ಟ. ಕೀಪರ್ “ನಂದು!” ಎಂದರೂ ಸರಿಯುತ್ತಿರಲಿಲ್ಲ. ಎಗರಿ ಹಣೆಯಿಂದ ಚೆಂಡನ್ನು ಆಚೆಗೆ ಹೊಡೆಯುತ್ತಿದ್ದ. ಒಂದೆರಡು ಸಲ ಎದುರಾಳಿಯ ತಲೆಗೆ ತಲೆ ಡಿಕ್ಕಿಯಾಗಿ ಹುಬ್ಬು ಒಡೆದು ಹೊಲಿಗೆ ಬಿತ್ತು. ಆದರೂ ಬುದ್ಧಿ ಬರಲಿಲ್ಲ.

ಕೀಪರ್ ರೇಗಿದ. “ನಂದು ಅಂತ ಬಡ್ಕೊಂಡ್ನಲ್ಲೋ, ಕಿವಿಗೇನು ಹತ್ತಿ ಇಟ್ಕೊಂಡಿದ್ದೀಯಾ?”

“ಕೇಳಿಸ್ಲಿಲ್ಲಣ್ಣ,” ಎಂದ ಬ್ಯಾಕ್.

ಮುಂದಿನ ಪಂದ್ಯದಲ್ಲೂ ಅದೇ. ಅದರಾಚೆಯದರಲ್ಲೂ ಅದೇ. ಕೀಪರ್ ಅವನನ್ನು ‘ಕಿವುಡ’ ಎಂದು ಕರೆದ. ತಂಡ ನಕ್ಕಿತು. ಆ ಹೆಸರು ಮೈದಾನದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಊರಿಗೆ ಹಬ್ಬಿತು. ಕೊನೆಗೆ ಅವನ ಮನೆಯ ಬೀದಿಯವರೂ ಹಾಗೆಯೇ ಕೂಗತೊಡಗಿದರು. ಬ್ಯಾಕ್ ನಕ್ಕು ಸುಮ್ಮನಾದ.

ಅತ್ತ ಕೀಪರನ ಕೀರ್ತಿ ಇನ್ನೂ ಏರಿತು. ಕಣ್ಣಿಗೆ ಏಟು ಬಿದ್ದ ಮೇಲಿನ ಎರಡು ವರ್ಷ ಅವನು ಬಿಟ್ಟುಕೊಟ್ಟಷ್ಟು ಕಡಿಮೆ ಗೋಲು ಹಿಂದೆಂದೂ ಬಿಟ್ಟುಕೊಟ್ಟಿರಲಿಲ್ಲ. ಕೋಚ್ ಒಂದು ದಿನ ಮೆಲ್ಲನೆ ಹೇಳಿದರು: ಹೊಸ ಕೀಪರ್ ಒಬ್ಬ ಬಂದಿದ್ದಾನೆ, ಕೈ ಚುರುಕಾಗಿದೆ, ಅವನಿಗೂ ಒಂದಿಷ್ಟು ಪಂದ್ಯ ಬಿಟ್ಟುಕೊಟ್ಟರೆ ಹೇಗೆ? ಕೀಪರ್ ಕೆರಳಿದ. ನಾನು ಹೋದರೆ ಈ ಗೋಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ಯಾರಿದ್ದಾರೆ ಎಂದು ಕೇಳಿದ. ಬದಲಾಯಿಸುವುದಾದರೆ ಮೊದಲು ನನ್ನ ಮುಂದಿನ ಆ ಕಿವುಡನನ್ನು ಬದಲಾಯಿಸಿ, ಅವನೊಬ್ಬ ಇಲ್ಲದಿದ್ದರೆ ನಾನು ಇನ್ನೂ ಹತ್ತು ವರ್ಷ ನಿಲ್ಲುತ್ತೇನೆ ಎಂದ.

ಅದು ವರ್ಷದ ಕೊನೆಯ ಪಂದ್ಯ, ಕಪ್ ಗೆಲ್ಲುವ ಪಂದ್ಯ. ಹಿರಿಯ ಆಟಗಾರನ ಮಾತನ್ನು ಕೋಚ್ ಮೀರಲಾರದೆ ಹೋದರು. ಬ್ಯಾಕ್‌ನನ್ನು ಹೊರಗೆ ಕೂರಿಸಿದರು. ಅವನ ಜಾಗಕ್ಕೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವ ಒಬ್ಬ ಹೊಸಬ ಬಂದ. ಊರಿಗೆ ಊರೇ ಮೈದಾನದಲ್ಲಿತ್ತು. ಮರದ ಮೇಲೆ ಜನ, ಗೋಡೆಯ ಮೇಲೆ ಜನ, ಕಾರ್ಖಾನೆಯ ತಗಡಿನ ಮಾಡಿನ ಮೇಲೆ ಜನ. ಮೊದಲ ಅರ್ಧದಲ್ಲಿ ಕೀಪರನ ಪಾಲಿಗೆ ಪೂರ್ವದ ಗೋಲು ಬಂತು. ಅವನು ಕಂಬಗಳನ್ನು ಮುಟ್ಟಿದ, ಪಟ್ಟಿಯನ್ನು ಮುಟ್ಟಿದ. ಜನ ಉಸಿರಾಡಿದರು.

ಎಡಗಡೆಯಿಂದ ಒಂದು ಚೆಂಡು ಎತ್ತರಕ್ಕೆ ಎದ್ದಿತು. “ನಂದು!” ಎಂದ ಕೀಪರ್. ಹೊಸಬ ವಿಧೇಯನಾಗಿ ತಲೆ ತಗ್ಗಿಸಿ ಸರಿದ. ಚೆಂಡು ಬೆಳಕಿನಲ್ಲಿ ಕರಗಿತು. ಕೀಪರನ ಎರಡು ಕೈಗಳು ಗಾಳಿಯನ್ನು ಹಿಡಿದವು. ಹಿಂದೆ ಬಲೆ ಅಲುಗಿದ ಸದ್ದು ಕೇಳಿ ಅವನಿಗೆ ಗೋಲಾದದ್ದು ತಿಳಿಯಿತು.

ಎದುರಾಳಿಗಳೇನು ದಡ್ಡರಲ್ಲ. ಮತ್ತೊಂದು ಚೆಂಡನ್ನು ಹಾಗೆಯೇ ಎತ್ತಿದರು. ಅವನು ಮತ್ತೆ ಕೂಗಿದ. ಹೊಸಬ ಮತ್ತೆ ಸರಿದ. ಮತ್ತೆ ಗೋಲು.

ಬಲೆಯೊಳಗಿನ ಚೆಂಡನ್ನು ಎತ್ತಿಕೊಳ್ಳುತ್ತ ಕೀಪರ್ ಯೋಚಿಸಿದ. ಎರಡು ವರ್ಷದಿಂದ ಇದೇ ಸೂರ್ಯ, ಇದೇ ಕಣ್ಣು, ಇದೇ ಗೋಲು. ಆಗೆಲ್ಲ ಈ ಚೆಂಡುಗಳು ಎಲ್ಲಿ ಹೋಗುತ್ತಿದ್ದವು? ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಬ್ಯಾಕ್‌ಗೆ ಕಿವಿ ಕೇಳಿಸದೆ ಇದ್ದದ್ದು ಪೂರ್ವದ ಗೋಲಿನಲ್ಲಿ ಮಾತ್ರ. ಅರ್ಧ ಆಟ ಮುಗಿದು ಪಶ್ಚಿಮದ ಗೋಲಿಗೆ ಬಂದರೆ ಅದೇ ಕಿವುಡ “ನಂದು” ಎಂಬ ಮೊದಲ ಕೂಗಿಗೇ ಸರಿದು ದಾರಿ ಬಿಡುತ್ತಿದ್ದ.

ಅರ್ಧ ಆಟ ಮುಗಿದ ಸೀಟಿ ಕೇಳಿತು. ಬ್ಯಾಕ್ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಆಚೆ ಮುಖ ಮಾಡಿ ಕೂತಿದ್ದ. ಆ ಎರಡನೆಯ ಗೋಲನ್ನು ನೋಡಲಾರದೆ ತಿರುಗಿ ಕೂತಿದ್ದ. ಕೀಪರ್ ಹಿಂದಿನಿಂದ ಬಂದು ನಿಂತು, ಪಕ್ಕದವನಿಗೂ ಕೇಳಿಸದಷ್ಟು ಮೆಲ್ಲಗೆ “ನಂದು” ಎಂದ.

ಬ್ಯಾಕ್ ಥಟ್ಟನೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಆಮೇಲೆ ತಿರುಗಿ ನೋಡಿದ.

“ಕೇಳಿಸ್ತದಲ್ಲೋ ನಿಂಗೆ!” ಎಂದ ಕೀಪರ್. “ಮತ್ತೆ ಇಷ್ಟು ದಿನ ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ ಅಂತಿದ್ಯಲ್ಲ?”

“ಕಾಣಿಸ್ಲಿಲ್ಲ ಅಂತ ನೀವು ಹೇಳೋ ಹಾಗಿರ್ಲಿಲ್ವಲ್ಲಣ್ಣ,” ಎಂದ ಬ್ಯಾಕ್. “ಅದಕ್ಕೆ ಕೇಳಿಸ್ಲಿಲ್ಲ ಅಂತ ನಾನು ಹೇಳ್ದೆ.”

ಕೀಪರ್ ಅವನ ಹಣೆಯನ್ನು ನೋಡಿದ. ಹುಬ್ಬಿನ ಮೇಲಿನ ಹೊಲಿಗೆಯ ಗುರುತುಗಳನ್ನು ಅಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು. ಅವನಿಗೆ ಅಳು ಬಂತು. ಅತ್ತ. ಸಾವಿರಾರು ಜನ ನೋಡುತ್ತಿದ್ದರು, ನೋಡಿಕೊಳ್ಳಲಿ ಎಂದು ಅತ್ತ. ಆಮೇಲೆ ಕೈಗವಸು ಕಳಚಿ ಹೊಸ ಕೀಪರನಿಗೆ ಕೊಟ್ಟ. ಕೋಚ್ ಕಡೆ ತಿರುಗಿ, “ನನಗೆ ಎತ್ತರದ ಚೆಂಡು ಕಾಣೋದಿಲ್ಲ ಸಾರ್,” ಎಂದ. ಎರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಷ್ಟು ಸಲೀಸಾಗಿ ಹೊರಬಂದದ್ದು ಕಂಡು ಅವನಿಗೇ ಆಶ್ಚರ್ಯವಾಯಿತು.

ಉಳಿದ ಅರ್ಧದಲ್ಲಿ ಹೊಸ ಕೀಪರ್ ಒಂದು ಗೋಲನ್ನೂ ಬಿಡಲಿಲ್ಲ. ಬ್ಯಾಕ್ ಮತ್ತೆ ಮೈದಾನಕ್ಕಿಳಿದ. ತಂಡ ಒಂದು ಗೋಲು ಹೊಡೆಯಿತು. ಇನ್ನೊಂದಕ್ಕೆ ಹೊತ್ತು ಸಾಲಲಿಲ್ಲ. ಕಪ್ ಬೇರೆ ಊರಿಗೆ ಹೋಯಿತು. ಊರಿನವರು ಒಂದು ವಾರ ಬೈದು ಮರೆತರು.

ಮುಂದೆ ಬ್ಯಾಕ್ ಕೂಡ ಆಟ ಬಿಟ್ಟ. ಇಬ್ಬರೂ ಸಂಜೆ ಅದೇ ಕಲ್ಲುಬೆಂಚಿನ ಮೇಲೆ ಕೂತು ಬೇರೆಯವರ ಆಟ ನೋಡುತ್ತಿದ್ದರು. ನಿಮ್ಮ ಕಾಲದಲ್ಲಿ ನೀವು ಎಂಥೆಂಥ ಚೆಂಡು ತಡೆದಿರಿ ಎಂದು ಹೊಸ ಆಟಗಾರರು ಬಂದು ಕೇಳಿದರೆ, ಕೀಪರ್ ತಾನು ತಡೆದದ್ದನ್ನು ಹೇಳುತ್ತಿರಲಿಲ್ಲ. ತನ್ನವರೆಗೆ ಬಾರದೆ ಹೋದ ಚೆಂಡುಗಳ ಕತೆ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅವರು ಇನ್ನೂ ಆ ಗೋಡೆಯ ಮೇಲೆಯೇ ಕೂತಿದ್ದಂತೆ ಕಂಡಿತು.

ಶಿವರುದ್ರಯ್ಯ ತಲೆದೂಗಿದ. ಕತೆ ಅವನಿಗೆ ಹಿಡಿಸಿತ್ತು. ಆದರೆ ತನ್ನ ಪ್ರಶ್ನೆಯನ್ನು ಅವನು ಬಿಟ್ಟಿರಲಿಲ್ಲ.

“ಪಾಪ, ಆ ಕೀಪರ್‌ಗೆ ಕಣ್ಣು ಹೋಗಿತ್ತು ಬುದ್ಧಿ,” ಎಂದ. “ನನಗೇನಾಗಿದೆ? ಕೈ ಗಟ್ಟಿಯಾಗಿದೆ, ನಾಲಿಗೆ ನೆಟ್ಟಗಿದೆ. ನಿನ್ನೆ ಸಾರು ಸೊಗಸಾಗಿದೆ ಅಂತ ತಾವೇ ಅಪ್ಪಣೆ ಕೊಡಿಸಿದ್ರಿ.”

ಗುರುಗಳು ಅವನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಹೇಳಿದರು:

“ಶಿವರುದ್ರಯ್ಯ, ಹೋದ ಶ್ರಾವಣದಿಂದ ನೀನು ಸಾರಿಗೆ ಉಪ್ಪು ಹಾಕೋದನ್ನೇ ಮರೀತಿದ್ದೀಯ, ಒಂದು ದಿನವಾದ್ರೂ ಯಾರಾದ್ರೂ ಸಪ್ಪೆ ಅಂದ್ರಾ?”