ಮೊದಲ್ನೇ ಗೂಟದ ಕರಿ ಜಾಕೆಟ್

ಸಮುದ್ರದ ದಂಡೇಲಿ ಒಂದು ತಗಡಿನ ಶೆಡ್ಡು. ಅದ್ರ ಗೋಡೇಲಿ ಮೂರು ಗೂಟ. ಒಂದೊಂದು ಗೂಟಕ್ಕೆ ಒಂದೊಂದು ಜಾಕೆಟ್.

ನೀರೊಳಗೆ ಇಳಿಯೋರು ಸಿಲಿಂಡರ್ ಜೊತೆ ಹಾಕ್ಕೊಳ್ಳೋ ಗಾಳಿ ಜಾಕೆಟ್ ಅವು. ಬಟನ್ ಒತ್ತಿದ್ರೆ ಗಾಳಿ ತುಂಬುತ್ತೆ, ಮನುಷ್ಯ ಮೇಲೆ ಬರ್ತಾನೆ. ದಾರ ಎಳೆದ್ರೆ ಗಾಳಿ ಹೊರಗೆ ಹೋಗುತ್ತೆ, ಕೆಳಗಿಳೀತಾನೆ.

ಮೊದಲ್ನೇ ಗೂಟದ್ದು ಕರೀದು. ಎಲ್ಲಕ್ಕಿಂತ ದೊಡ್ಡದು, ಮೈತುಂಬ ಜೇಬು, ಬಕಲ್ಲು. ಎರಡ್ನೇದು ನೀಲಿ. ಮೂರ್ನೇದು ಚಿಕ್ಕದು. ಬಿಸಿಲಿಗೆ ಎಷ್ಟು ಮಾಸಿತ್ತು ಅಂದ್ರೆ ಮೊದಲು ಯಾವ ಬಣ್ಣ ಇತ್ತು ಅಂತ ಹೇಳೋಕೇ ಆಗ್ತಿರ್ಲಿಲ್ಲ.

ಶೆಡ್ಡು ಜಟ್ಟಪ್ಪ ಖಾರ್ವಿ ಅವರದ್ದು. ವಯಸ್ಸಲ್ಲಿದ್ದಾಗ ಸಿಲಿಂಡರ್ ಇಲ್ದೇ ಉಸಿರು ಕಟ್ಟಿ ಮುಳುಗಿ ಬಂಡೆಗೆ ಅಂಟಿದ ಚಿಪ್ಪು ಕೀಳ್ತಿದ್ರು. ಈಗ ಮುಳುಗೋದು ಕಲಿಸ್ತಾರೆ. ಹೆದರಿಕೆ ಅನ್ನೋದೇ ಆ ಮನುಷ್ಯನಿಗೆ ಗೊತ್ತಿಲ್ಲ ಅಂತ ಊರಲ್ಲಿ ಮಾತು.

ಕಲಿಯೋಕೆ ಬಂದವಳು ದಾಕ್ಷಾಯಿಣಿ. ಗದಗದ ಕಡೆ ಒಂದು ಶಾಲೇಲಿ ಗಣಿತ ಹೇಳ್ಕೊಡ್ತಾಳೆ.

ಅವಳ ಕ್ಲಾಸಿನ ಹುಡುಗಿ ಒಬ್ಳು ಒಂದಿನ ಕೇಳಿದ್ಲು, ಸಮುದ್ರ ಒಳಗೂ ನೀಲಿ ಇರುತ್ತಾ ಅಂತ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ದಾಕ್ಷಾಯಿಣಿ ಹೌದು ಅಂದ್ಬಿಟ್ಲು. ಆಮೇಲೆ ಅದು ಮನಸ್ಸಲ್ಲಿ ಮುಳ್ಳಿನ ಹಂಗೆ ಉಳ್ಕೊಂಡ್ಬಿಡ್ತು.

ಹೋದ ತಿಂಗಳು ಎರಡು ಸಲ ಇಳಿದಿದ್ಲು. ಎರಡು ಸಲಾನೂ ಕೆಳಗೆ ಹೋದ್ಮೇಲೆ ಹೆದರಿ ಬಟನ್ ಒತ್ತಿದ್ಲು. ನೀರೊಳಗೆ ಮೇಲೆ ಬಂದಷ್ಟೂ ಜಾಕೆಟ್ಟಿನ ಗಾಳಿ ತಾನೇ ಹಿಗ್ಗುತ್ತೆ. ಹಿಗ್ಗಿದಷ್ಟೂ ಜೋರಾಗಿ ಮೇಲಕ್ಕೆ ಎಳೆಯುತ್ತೆ. ಹಂಗೆ ಹಾರಿ ಬಂದ್ರೆ ಶ್ವಾಸಕೋಶಾನೇ ಹರೀಬಹುದು.

ಅವಳಿಗೇನೂ ಆಗ್ಲಿಲ್ಲ. ಆದ್ರೆ ಎರಡ್ನೇ ಸಲ ಅವಳ ಕಾಲು ಹಿಡಿಯೋಕೆ ಅಂತ ಜಟ್ಟಪ್ಪನೂ ಅಷ್ಟೇ ಜೋರಾಗಿ ಮೇಲೆ ಬಂದಿದ್ರು. ಅವರ ಎಡಗಿವೀಲಿ ರಕ್ತ ಬಂತು.

ಒಂದು ತಿಂಗಳು ಅವರು ನೀರಿಗೆ ಇಳೀಲಿಲ್ಲ. ಇನ್ನು ಇಳೀಬಹುದು ಅಂತ ಡಾಕ್ಟರು ಹೇಳಿದ್ದು ಮೊನ್ನೆ. ನಾಳೆ ಬೆಳಿಗ್ಗೆ ದಾಕ್ಷಾಯಿಣಿಗೆ ಕೊನೇ ಸಲ. ನಾಡಿದ್ದು ಶಾಲೆ ಶುರು.

ದೋಣಿ ಓಡಿಸೋ ಇನಾಸ್ ಅವಳಿಗೆ ಆಗ್ಲೇ ಹೆಸರಿಟ್ಟಿದ್ದ. ರಾಕೆಟ್ ಅಕ್ಕೋರು.

ಸಂಜೆ ಅವಳು ನೋಟ್‌ಬುಕ್ ಹಿಡ್ಕೊಂಡು ಶೆಡ್ಡಿಗೆ ಬಂದ್ಲು. ಯಾವ ಜಾಕೆಟ್ ಎಷ್ಟು ಕಿಲೋ ಎತ್ತುತ್ತೆ, ಎಷ್ಟು ಬೇಗ ತುಂಬುತ್ತೆ, ಎಲ್ಲಾ ಗೆರೆ ಹೊಡೆದು ಬರ್ಕೊಂಡಿದ್ಲು. ಜಟ್ಟಪ್ಪ ಜಾಕೆಟ್‌ಗಳನ್ನ ಸಿಹಿನೀರಲ್ಲಿ ತೊಳೀತಾ ಕೂತಿದ್ರು.

"ಸರ್, ನಾಳೆಗೆ ಯಾವ್ದು ಹಾಕ್ಕೊಳ್ಲಿ?"

"ನೀನೇ ಆರಿಸು."

"ತಪ್ಪು ಆರಿಸಿದ್ರ?"

"ನೀನು ಹಾರಿದ್ರೆ ನಾನು ಹಿಂದೆ ಬರ್ತೇನೆ."

ಅಂಗಡಿಗೆ ಬರ್ತೇನೆ ಅನ್ನೋ ಹಂಗೆ ಹೇಳಿದ್ರು. ದಾಕ್ಷಾಯಿಣಿ ಅವರ ಎಡಗಿವಿ ನೋಡಿದ್ಲು.

ಅವಳು ಸೀದಾ ಹೋಗಿ ಕರಿ ಜಾಕೆಟ್ ತಗೊಂಡ್ಲು. ಎಲ್ಲಕ್ಕಿಂತ ಜಾಸ್ತಿ ಎತ್ತೋದು ಅದೇ.

ಬಾಗಿಲಲ್ಲಿ ಹಗ್ಗ ಸುತ್ತುತ್ತಿದ್ದ ಇನಾಸ್ ನಕ್ಕ. ಬಂದವರೆಲ್ಲ ಮೊದಲು ಮುಟ್ಟೋದು ಅದನ್ನೇ, ಹಾಕ್ಕೊಂಡು ಇಳಿದವ್ರು ಮಾತ್ರ ಯಾರೂ ಇಲ್ಲ ಅಂದ.

ಜಟ್ಟಪ್ಪ ಹಾಕ್ಕೋ ಅಂದ್ರು. ಸಿಲಿಂಡರ್ ಜೋಡಿಸಿದ್ರು. ಬಟನ್ ಒತ್ತು, ತುಂಬ್ಲಿ, ಇನ್ನೂ ತುಂಬ್ಲಿ ಅಂದ್ರು. ಜಾಕೆಟ್ ಉಬ್ಬಿ ಉಬ್ಬಿ ಕೊನೆಗೆ ಸುಯ್ ಅಂತು.

"ಈಗ ಒಂದೇ ಉಸಿರಲ್ಲಿ ಹದಿನೇಳರ ಮಗ್ಗಿ ಹೇಳು."

"ಏನ್ರಿ ಸರ್?"

"ಮಕ್ಕಳ ಹತ್ರ ಹೇಳಿಸ್ತೀಯಲ್ಲ. ಹೇಳು."

ಹದಿನೇಳೊಂದ್ಲ ಹದಿನೇಳು ಅಂತ ಶುರು ಮಾಡಿದ್ಲು. ಪಕ್ಕೆಲುಬು ಒತ್ತುತ್ತಿತ್ತು. ಐವತ್ತೊಂದಕ್ಕೆ ಬರೋ ಹೊತ್ತಿಗೆ ಉಸಿರೇ ಸಾಲ್ಲಿಲ್ಲ. ಅರವತ್ತೆಂಟು ಅನ್ನೋಕೆ ಹೋಗಿ ಕೆಮ್ಮಿದ್ಲು.

ಅಕ್ಕೋರು ಫೇಲು ಅಂತ ಇನಾಸ್ ಗೊಣಗಿದ.

ನೀಲೀಲಿ ನೂರಾ ಎರಡರ ತನಕ ಬಂದ್ಲು. ಮಾಸಿದ್ದರಲ್ಲಿ ನೂರಾ ಎಪ್ಪತ್ತೂ ಮುಗೀತು, ಉಸಿರು ಇನ್ನೂ ಉಳೀತು.

ಆದ್ರೂ ಅವಳಿಗೆ ಸಮಾಧಾನ ಇಲ್ಲ. ನೋಟ್‌ಬುಕ್ ತೆಗೆದ್ಲು. ಇದು ಎತ್ತೋದು ಎಲ್ಲಕ್ಕಿಂತ ಕಮ್ಮಿ ಅಂತ ತೋರಿಸಿದ್ಲು. ಕೆಳಗೆ ಏನಾದ್ರೂ ಆದಾಗ ಇದು ಸಾಲ್ದೇ ಹೋದ್ರೆ ಅಂತ ಕೇಳಿದ್ಲು.

ಜಟ್ಟಪ್ಪ ಕರೀದನ್ನ ನೀರಿನ ಡ್ರಮ್ಮಿಗೆ ಹಾಕಿದ್ರು. ಗಾಳಿ ಖಾಲಿ ಮಾಡಿದ್ರೂ ಅದು ತೇಲ್ತು.

"ಇದನ್ನ ಮುಳುಗಿಸೋಕೆ ಎಂತ ಬೇಕು?"

"ಸೊಂಟಕ್ಕ ಕಟ್ಟೋ ಸೀಸದ ತುಂಡು. ಜಾಸ್ತಿ ಬೇಕು."

"ಸೀಸ ಜಾಸ್ತಿಯಾದ್ರೆ?"

"ಅದನ್ನ ಎತ್ತಾಕ ಗಾಳಿ ಜಾಸ್ತಿ ಬೇಕು."

"ಗಾಳಿ ಜಾಸ್ತಿಯಾದ್ರೆ?"

ದಾಕ್ಷಾಯಿಣಿ ನೋಟ್‌ಬುಕ್ ಮುಚ್ಚಿದ್ಲು. ಲೆಕ್ಕದ ಟೀಚರ್ ಅಲ್ವಾ, ಉತ್ತರ ಗೊತ್ತಿತ್ತು. ಮತ್ತೆ ರಾಕೆಟ್.

ಜಟ್ಟಪ್ಪ ಹೆಗಲ ಮೇಲಿದ್ದ ಟವೆಲ್ ತೆಗೆದು ಅವಳ ಕಣ್ಣಿಗೆ ಕಟ್ಟಿದ್ರು. ಒಂದೊಂದೇ ಜಾಕೆಟ್ ಮತ್ತೆ ಹಾಕ್ಸಿದ್ರು. ಬಟನ್ ಎಲ್ಲಿದೆ ತೋರ್ಸು ಅಂದ್ರು, ಆಮೇಲೆ ದಾರ ಎಲ್ಲಿದೆ ತೋರ್ಸು ಅಂದ್ರು.

ಕರೀದರಲ್ಲಿ ದಾರ ಹುಡುಕ್ತಾ ಅವಳ ಕೈ ಒಂದು ಜೇಬಿಗೆ ಹೋಯ್ತು, ಬಕಲ್ಲಿಗೆ ಹೋಯ್ತು, ಇನ್ನೊಂದು ಜೇಬಿಗೆ ಹೋಯ್ತು. ಅಕ್ಕೋರು ಈಗ ಮೋಡ ದಾಟಿದ್ರು ಅಂದ ಇನಾಸ್. ನೀಲೀಲಿ ಸ್ವಲ್ಪ ತಡಕಾಡಿದ್ಲು. ಮಾಸಿದ್ದರಲ್ಲಿ ಕೈ ಸೀದಾ ಬಲಭುಜಕ್ಕೆ ಹೋಗಿ ದಾರ ಹಿಡ್ಕೊಂಡ್ತು.

ಜಟ್ಟಪ್ಪ ಟವೆಲ್ ಬಿಚ್ಚಿದ್ರು.

"ಬಟನ್ ಮಾತ್ರ ಮೂರರಲ್ಲೂ ನಿನಗೆ ಥಟ್ಟಂತ ಸಿಕ್ತು," ಅಂದ್ರು.

ಅಷ್ಟೇ. ಮತ್ತೆ ತೊಳಿಯೋಕೆ ಕೂತ್ರು.

ಅವಳು ಉಳ್ಕೊಂಡಿದ್ದು ಇನಾಸ್ ಮನೇಲಿ. ಅವತ್ತು ಅವಳಿಗೆ ಊಟ ಸೇರ್ಲಿಲ್ಲ. ಮೀನು ಬೇಡ ಅಂದಿದ್ಕೆ ಇನಾಸ್ ಮನೆಯವರು ಅನ್ನಕ್ಕೆ ಮಜ್ಜಿಗೆ ಹಾಕಿ ಕೊಟ್ರು. ಅದೂ ಹಂಗೇ ಉಳೀತು. ಕೂತಲ್ಲೇ ಕಣ್ಮುಚ್ಚಿ ಕೈಯನ್ನ ಬಲಭುಜಕ್ಕೆ ತಗೊಂಡು ಹೋಗೋದು, ಇಳಿಸೋದು. ಎಷ್ಟು ಸಲ ಮಾಡಿದ್ಲೋ.

ಬೆಳಿಗ್ಗೆ ದೋಣೀಲಿ ಅವಳು ಮಾಸಿದ್ದನ್ನೇ ಹಾಕ್ಕೊಂಡಿದ್ಲು. ಜಟ್ಟಪ್ಪ ನೋಡಿದ್ರು. ಸಿಲಿಂಡರಿನ ಪಟ್ಟಿ ಬಿಗಿ ಮಾಡಿದ್ರು.

ನೀರಿಗೆ ಇಳಿದ್ಮೇಲೆ ಜಾಕೆಟ್ ಪೂರ್ತಿ ಖಾಲಿ ಮಾಡ್ಸಿದ್ರು. ಅವಳು ಸರ್‍ರಂತ ಕೆಳಗೆ ಹೋಗೋಕೆ ಶುರು ಮಾಡಿದ್ಲು. ಜಟ್ಟಪ್ಪ ಹಿಡ್ಕೊಂಡು ಅವಳ ಸೊಂಟದಿಂದ ಒಂದು ಸೀಸದ ತುಂಡು ಬಿಚ್ಚಿ ದೋಣಿಗೆ ಹಾಕಿದ್ರು. ಆಮೇಲೆ ಇನ್ನೊಂದು. ಈಗ ನೀರು ಅವಳ ಕಣ್ಣಿನ ಮಟ್ಟಕ್ಕೆ ನಿಂತ್ಕೊಂಡ್ತು. ಉಸಿರು ಬಿಡು ಅಂದ್ರು. ಬಿಟ್ಲು. ಮೆಲ್ಲಗೆ ಇಳಿದ್ಲು.

ಕೆಳಗೆ ಮನೆಯಷ್ಟು ದೊಡ್ಡ ಬಂಡೆ. ಅದ್ರ ಪಕ್ಕ ಇಬ್ಬರೂ ಬಂದ್ರು.

ಅವಾಗ ಅವಳ ಕಣ್ಣು ಮೂಗು ಮುಚ್ಚಿದ್ದ ಮುಳುಗು ಕನ್ನಡಕದೊಳಗೆ ಒಂದಿಷ್ಟು ನೀರು ಬಂತು. ಒಂದು ಚಮಚ ಇರ್ಬಹುದು. ಮೂಗಿಗೆ ಉಪ್ಪು ತಾಗಿದ್ದೇ, ಅವಳ ಕೈ ಬಟನ್ ಒತ್ತಿಬಿಟ್ಟಿತ್ತು.

ಬಂಡೆ ಕೆಳಗೆ ಹೋಯ್ತು.

ಜಾಕೆಟ್ ಹಿಗ್ಗೋದು ಗೊತ್ತಾಗ್ತಿತ್ತು. ಕೆಳಗೆ ನೋಡಿದ್ಲು. ಜಟ್ಟಪ್ಪ ತಲೆ ಎತ್ತಿದ್ರು. ಕಾಲು ಒದ್ದು ಅವಳ ಹಿಂದೆ ಮೇಲಕ್ಕೆ ಹೊರಟಿದ್ರು.

ಹೇಳಿದ್ರಲ್ಲ, ಬರ್ತೇನೆ ಅಂತ.

ಅವಳ ಬಲಗೈ ಭುಜಕ್ಕೆ ಹೋಯ್ತು. ದಾರ ಅಲ್ಲೇ ಇತ್ತು. ಎಳೆದ್ಲು. ಗುಳ್ಳೆಗಳು ಕಿವಿ ಪಕ್ಕ ಬುಳಬುಳ ಅಂತ ಹೊರಟ್ವು. ಬಾಯಲ್ಲಿದ್ದ ಸಿಲಿಂಡರಿನ ನಳಿಗೆಯೊಳಗೇ ಹದಿನೇಳೊಂದ್ಲ ಹದಿನೇಳು ಅಂದ್ಲು. ಹದಿನೇಳೆರಡ್ಲ ಮೂವತ್ನಾಲ್ಕು. ಒಂದೊಂದು ಸಾಲಿಗೂ ಒಂದೊಂದು ಉದ್ದ ಉಸಿರು ಬಿಟ್ಲು.

ಐವತ್ತೊಂದಕ್ಕೆ ಮೇಲೆ ಹೋಗೋದು ನಿಂತ್ಹೋಯ್ತು.

ಅರವತ್ತೆಂಟಕ್ಕೆ ಕೆಳಗೆ ಇಳಿಯೋಕೆ ಶುರುವಾಯ್ತು.

ಜಟ್ಟಪ್ಪನೂ ನಿಂತ್ರು. ಅಲ್ಲೇ ಕೈ ಕಟ್ಕೊಂಡು ಅವಳು ಬರೋದನ್ನೇ ಕಾದ್ರು.

ಅವಳು ಕನ್ನಡಕದ ನೀರನ್ನ ಮೂಗಲ್ಲಿ ಊದಿ ಹೊರಗೆ ಹಾಕಿದ್ಲು. ಬಂಡೆ ಮೇಲೆ ಒಂದು ಮೊಳ ಎತ್ತರದಲ್ಲಿ ಸುಮ್ನೆ ನಿಂತ್ಲು. ಉಸಿರು ತಗೊಂಡ್ರೆ ಚೂರು ಮೇಲೆ, ಬಿಟ್ರೆ ಚೂರು ಕೆಳಗೆ. ಆವಾಗ್ಲೇ ಸುತ್ತ ನೋಡಿದ್ದು.

ಸಮುದ್ರ ಒಳಗೆ ನೀಲಿ ಇರ್ಲಿಲ್ಲ. ಹೆಸರುಕಾಳು ನೆನೆಸಿಟ್ಟ ನೀರಿನ ಬಣ್ಣ ಇತ್ತು.

ದಂಡೆಗೆ ಬಂದ್ಮೇಲೆ ಇನಾಸ್ ಅವಳ ಕೈಗೆ ಚಹಾ ಕೊಟ್ಟ. ತಗೊಳಿ ಅಕ್ಕೋರೇ ಅಂದ. ರಾಕೆಟ್ ಅನ್ಲಿಲ್ಲ.

ದಾಕ್ಷಾಯಿಣಿ ಮೊದಲು ಕೇಳಿದ್ದು ಅವರ ಕಿವಿ ಬಗ್ಗೆ. ಜಟ್ಟಪ್ಪ ಎಡಗಿವಿ ಹತ್ರ ಬೆರಳು ಉಜ್ಜಿದ್ರು, ಕೇಳುತ್ತೆ ಅಂತ ತಲೆ ಆಡಿಸಿದ್ರು. ಅವಳಿಗೆ ಅಳು ಬಂತು. ಚಹಾ ಕುಡೀತಾ ಅದನ್ನ ನುಂಗಿದ್ಲು.

ಆಮೇಲೆ ಇಬ್ಬರೂ ಜಾಕೆಟ್ ತೊಳಿಯೋಕೆ ಕೂತ್ರು. ಅವಳು ಮಾಸಿದ್ದನ್ನ ತೊಳೆದು ಗೂಟಕ್ಕೆ ಹಾಕಿದ್ಲು. ಜಟ್ಟಪ್ಪ ತಾವು ಹಾಕ್ಕೊಂಡಿದ್ದನ್ನ ತೊಳೆದ್ರು. ಅದಾದ್ಮೇಲೆ ಎದ್ದು ಹೋಗಿ ಮೊದಲ್ನೇ ಗೂಟದಿಂದ ಕರೀದನ್ನ ಇಳಿಸ್ಕೊಂಡ್ರು. ಅದು ಒಣಗಿತ್ತು. ಅದ್ರೊಳಗೂ ಸಿಹಿನೀರು ಹಾಕಿದ್ರು, ಕುಲುಕಿದ್ರು, ಒಂದೊಂದು ಜೇಬನ್ನೂ ಹೊರಗೆ ತಿರುವಿ ಉಜ್ಜಿದ್ರು.

ದಾಕ್ಷಾಯಿಣಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ.

"ಸರ್, ಅದನ್ನ ಯಾರೂ ಹಾಕ್ಕೊಂಡು ನೀರಿಗೆ ಇಳಿಯೂದಿಲ್ಲ. ಮತ್ತ ಯಾಕ ಇಟ್ಕೊಂಡೀರಿ? ಅದೂ ಮೊದಲ್ನೇ ಗೂಟಕ್ಕ?"

ಜಟ್ಟಪ್ಪ ಜಾಕೆಟ್ಟನ್ನ ಮತ್ತೆ ಮೊದಲ್ನೇ ಗೂಟಕ್ಕೇ ಹಾಕಿದ್ರು. ಸೊಟ್ಟ ಇದ್ದ ಒಂದು ಬಕಲ್ಲನ್ನ ನೆಟ್ಟಗೆ ಮಾಡಿದ್ರು.

"ನಾನು ಹೆದರಿದ್ದ ವರ್ಷ ಆರಿಸಿ ತಂದಿದ್ದು ಅದು."