ಎರಡು ಪುಸ್ತಕಗಳ ಪಂಡಿತ

"ಗುರುಗಳೇ, ಹೊರಗಿನವಳಾಗಿ ಬಂದ ತಂಗಿಯನ್ನು ಮನೆಗೆ ಸೇರಿಸಬಹುದೇ?" ಎಂದು ಮುರಿಗೆಪ್ಪ ಕೇಳಿದ.

ಅವನ ತಂಗಿ ಈರವ್ವ ಹದಿನೆಂಟು ವರ್ಷದ ಹಿಂದೆ ಕೊಂಕಣದ ದೋಣಿಯವನೊಬ್ಬನನ್ನು ಮದುವೆಯಾಗಿ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಮೊನ್ನೆ ಮರಳಿ ಬಂದು ಮಠದ ಛತ್ರದಲ್ಲಿದ್ದಳು.

"ಉಡುವ ರೀತಿ ಬೇರೆ, ಉಣ್ಣುವ ರೀತಿ ಬೇರೆ. 'ಅಣ್ಣಾ' ಎಂಬುದೊಂದನ್ನು ಬಿಟ್ಟರೆ ನಮ್ಮ ಮಾತು ಒಂದೂ ನೆಟ್ಟಗೆ ಬರುವುದಿಲ್ಲ. ಇವಳು ನಮ್ಮವಳಲ್ಲ ಎನ್ನುತ್ತಾರೆ ಹಿರಿಯರು." ಅವನಿಗೆ ತಂಗಿಯೂ ಬೇಕಿತ್ತು, ಹಿರಿಯರ ಒಪ್ಪಿಗೆಯೂ ಬೇಕಿತ್ತು.

"ಸರಿಹೋಯಿತು! ಬೆಕ್ಕಿಗೆ ಗಂಟೆ ಕಟ್ಟಲು ನಾನು ಬೇಕಾಯಿತೋ?" ಎಂದು ನಕ್ಕು ಗುರುಗಳು ಕತೆ ಶುರು ಮಾಡಿದರು.

ಡಚ್ಚರ ದೇಶದಲ್ಲಿ ಒಬ್ಬ ಪಂಡಿತ. ನಿಘಂಟು ಬರೆಯುವುದು ಅವನ ಕೆಲಸ. ಮನೆಯ ಮಾತಿಗೆ ಒಂದು ಪುಸ್ತಕ, ಹೊರಗಿನಿಂದ ಬಂದ ಮಾತಿಗೆ ಇನ್ನೊಂದು. ಮಹಾ ಬಿಗಿ ಮನುಷ್ಯ. ಮೊದಲನೆಯದರಲ್ಲಿ 'ಬೋಲ್‌ವೆರ್ಕ್' ಎಂದು ಬರೆದ. ದಿಮ್ಮಿ ಹೂತು ಊರಿಗೆ ಕಟ್ಟಿದ ಕೋಟೆಗೋಡೆ ಎಂದು ಅದರ ಅರ್ಥ. ಎರಡನೆಯದರಲ್ಲಿ 'ಬುಲ್ವಾರ್' ಎಂದು ಬರೆದ. ಅದು ಫ್ರೆಂಚರಿಂದ ಬಂದದ್ದು. ಸಾಲುಮರಗಳ ನಡುವೆ ಜನ ಅಡ್ಡಾಡುವ ಅಗಲ ಬೀದಿ.

ಒಂದು ದಿನ ಅವನು ಫ್ರೆಂಚರ ಹಳೆಯ ಕಡತವೊಂದನ್ನು ಗಟ್ಟಿಯಾಗಿ ಓದುತ್ತಿದ್ದ. ಅದರಲ್ಲಿ ಕೋಟೆಗೋಡೆಗೆ 'ಬೊಲೊವಾರ್' ಎಂದು ಬರೆದಿತ್ತು. ಅಲ್ಲೇ ಕಪಾಟು ದುರಸ್ತಿ ಮಾಡುತ್ತಿದ್ದ ಬಡಗಿ ಉಳಿ ಕೆಳಗಿಟ್ಟ.

"ಸ್ವಾಮೀ, ಇದು ನಮ್ಮ ಬೋಲ್‌ವೆರ್ಕೇ ಅಲ್ಲವೇ? ನಮ್ಮ ಮುತ್ತಜ್ಜಂದಿರು ದಿಮ್ಮಿ ಹೂತ ಕೆಲಸ! ನೆರೆಯವರ ನಾಲಿಗೆ ಹಾಗೆ ತಿರುಗಿದೆ, ಅಷ್ಟೆ. ನಿಮ್ಮ ಬುಲ್ವಾರೂ ಇದೇ."

"ಗೋಡೆ ಎಲ್ಲಿ, ಅಡ್ಡಾಡುವ ಬೀದಿ ಎಲ್ಲಿ?"

"ಯುದ್ಧ ಮುಗಿದ ಮೇಲೆ ಫ್ರೆಂಚರು ಗೋಡೆ ಕೆಡವಿ, ಅದೇ ಜಾಗದಲ್ಲಿ ಮರ ನೆಟ್ಟರು. ನಮ್ಮ ಮಾತು ಹೋದ ಮನೆಯಲ್ಲಿ ಯಾವ ಕೆಲಸ ಸಿಕ್ಕಿತೋ ಅದನ್ನು ಮಾಡಿತು, ಪಾಪ. ತಿರುಗಿ ತವರಿಗೆ ಬಂದರೆ ನೀವು ಅದನ್ನು ಹೊರಗಿನವರ ಸಾಲಿನಲ್ಲಿ ಕೂರಿಸಿದ್ದೀರಿ."

ಪಂಡಿತನ ಮುಖ ಸಣ್ಣದಾಯಿತು. ತನ್ನ ಅಂಗಳದಲ್ಲಿ ಬೆಳೆದ ಮಾತನ್ನೇ ಅವನು ಗುರುತಿಸಿರಲಿಲ್ಲ. ಎರಡೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಲೇಖನಿ ಹಿಡಿದು ಕುಳಿತ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

"ಆಮೇಲೆ? ಯಾವುದರಲ್ಲಿ ಬರೆದ?" ಎಂದು ಮುರಿಗೆಪ್ಪ ಕೇಳಿದ.

"ಅದು ಅವನ ಪಾಡು. ಈರವ್ವನ ಆ 'ಅಣ್ಣಾ' ಎಂಬ ಮಾತನ್ನು ನೀನು ಯಾವ ಪುಸ್ತಕದಲ್ಲಿ ಬರೆಯುತ್ತೀಯಪ್ಪ?"

ಮುರಿಗೆಪ್ಪ ಎದ್ದು ಛತ್ರದ ಕಡೆಗೆ ನಡೆದ.