ಅಜ್ಜನವರು ತಪ್ಪಿ ಹಾಡಿದ ಜೋಗುಳ

ಬನ್ನಿರವ್ವ, ಗೋಡೆಗೆ ಆತು ಕೂಡ್ರಿ. ಕೂಸು ತೊಡೆಯ ಮೇಲೆ ಮಲಗಿದ್ದರೆ ಮಲಗಿರಲಿ, ಎಬ್ಬಿಸಬೇಡಿ. ನಮ್ಮ ಅಡವಯ್ಯಜ್ಜನವರ ಮಹಿಮೆ ಹೇಳುತ್ತೇನೆ, ಗಡಿಬಿಡಿಯಲ್ಲಿ ಕೇಳುವ ಮಾತಲ್ಲ ಅದು.

ಪೂಜ್ಯ ಅಜ್ಜನವರು ಮಲಪ್ರಭೆಯ ದಂಡೆಯ ಒಂದು ಮಣ್ಣಿನ ಮಠದಲ್ಲಿದ್ದುಕೊಂಡು ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಮಠವೆಂದರೆ ಏನಿತ್ತು? ಒಂದು ಪಡಸಾಲೆ, ಒಂದು ತಂಬೂರಿ, ಹಲ್ಲುದುರಿದ ಒಂದು ಪೇಟಿ, ಅದೇ ಹಾರ್ಮೋನಿಯಂ. ಜೋಳಿಗೆಗೆ ಬಂದ ರೊಟ್ಟಿಯನ್ನು ಶಿಷ್ಯರಿಗೆ ಹಂಚಿ, ಉಳಿದರೆ ತಾವು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಆದರೆ ಕಂಠ? ಒಮ್ಮೆ ಕೇಳಿದ ಹಾಡು ಅವರ ಕಂಠದಲ್ಲಿ ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ದೊಡ್ಡ ದೊಡ್ಡ ಗವಾಯಿಗಳೂ ಅವರೆದುರು ಬಾಯಿ ತೆರೆಯಲು ಅಂಜುತ್ತಿದ್ದರು. ಕಲಿಸುವವರು ಚಾಪೆಯ ಮೇಲೆ, ಕಲಿಯುವವರು ಬರಿನೆಲದ ಮೇಲೆ, ಇದು ಆ ಮಠದ ಪದ್ಧತಿ. ಆ ಚಾಪೆಯ ಮೇಲೆ ಅಜ್ಜನವರ ಹೊರತು ಯಾರೂ ಕುಳಿತವರಲ್ಲ.

ಅಲ್ಲಿಗೆ ಒಂದು ದಿನ ನೇಕಾರ ಫಕೀರಪ್ಪ ತನ್ನ ಹೆಂಡತಿ ನೀಲವ್ವನನ್ನು ಕರೆತಂದ. ಅವರಿಗಿದ್ದ ಒಂದೇ ಕೂಸು ತೊಟ್ಟಿಲಲ್ಲಿರುವಾಗಲೇ ಜ್ವರ ಬಂದು ತೀರಿಹೋಗಿತ್ತು. ಮಣ್ಣು ಮಾಡಿ ಬಂದ ದಿನ ಮುಚ್ಚಿದ ನೀಲವ್ವನ ಬಾಯಿ ವರ್ಷ ಕಳೆದರೂ ತೆರೆದಿರಲಿಲ್ಲ. ನೀರು ತರುವಳು, ರೊಟ್ಟಿ ಬಡಿಯುವಳು, ಮಾತು ಮಾತ್ರ ಇಲ್ಲ, ಅಳುವೂ ಇಲ್ಲ. ಹೀಗೇ ಒಂದು ದಿನ ದೀಪ ಆರಿದಂತೆ ಹೋಗಿಬಿಟ್ಟಾಳೆಂದು ಫಕೀರಪ್ಪನಿಗೆ ಒಳಗೊಳಗೇ ಭಯ. ಮಠಗಳಲ್ಲಿ ಅವನಿಗೆ ನಂಬಿಕೆ ಇರಲಿಲ್ಲ, ಅತ್ತೆಯ ಕಾಟಕ್ಕೆ ಬಂದಿದ್ದ. ಡಾಕ್ಟರ ಸೂಜಿಗೆ ಬಾರದ ಮಾತು ಪೇಟಿಯ ಸದ್ದಿಗೆ ಬರುತ್ತದೆಯೇ ಎಂದು ದಾರಿಯುದ್ದಕ್ಕೂ ಗೊಣಗಿದ್ದ.

ವಿಭೂತಿಯೋ ತಾಯತವೋ ಕೊಡುತ್ತಾರೆಂದು ಅವನು ಕೈ ಒಡ್ಡಿದ. ಅಜ್ಜನವರು ಏನೂ ಕೊಡಲಿಲ್ಲ. ಕೂಸಿಗೆ ಈಕೆ ಯಾವ ಹಾಡು ಹಾಡುತ್ತಿದ್ದಳೆಂದು ಕೇಳಿದರು.

ಫಕೀರಪ್ಪ ಪೇಚಿಗೆ ಬಿದ್ದ. ಮಗ್ಗದ ಕುಣಿಯಲ್ಲಿ ಕುಳಿತು, ಲಾಳಿಯ ಸದ್ದಿನ ನಡುವೆ ಅಷ್ಟಿಷ್ಟು ಕೇಳಿದವನೇ ಹೊರತು ಹುಟ್ಟಿದಾಗಿನಿಂದ ಹಾಡಿದವನಲ್ಲ.

"ನಾ ಹಾಡಿದ್ರ ನಿಮ್ಮ ಮಠದ ಪಾರಿವಾಳ ಎದ್ದು ಹೋಗ್ತಾವ್ರೀ, ಅಜ್ಜಾರ" ಎಂದ.

ಹೋದರೆ ಮತ್ತೆ ಬರುತ್ತವೆ, ನೀನು ಹಾಡು ಎಂದರು ಅಜ್ಜನವರು. ಅವನು ಕಣ್ಣು ಮುಚ್ಚಿ ಒದರಿದ:

"ಹೊಳಿದಂಡಿ ಬೆಳದಿಂಗಳ ಹೊದ್ದು ಮಲಗ ನನ ಕಂದಾ..."

ಶಿಷ್ಯರು ನಗು ತಡೆಯಲಾರದೆ ಧೋತರದ ಚುಂಗು ಬಾಯಿಗಿಟ್ಟುಕೊಂಡರು. ಅಜ್ಜನವರು ತಂಬೂರಿ ತೆಗೆದುಕೊಂಡು ಆ ಸಾಲನ್ನು ಹಾಡಿದರು. ಏನೆಂದು ಹೇಳಲಿ, ಪಡಸಾಲೆಯೇ ತೊಟ್ಟಿಲಾಯಿತು. ಆದರೆ 'ಕಂದಾ' ಎಂಬಲ್ಲಿ ದನಿ ಕೆಳಗಿಳಿಸಿದರು. ನೀಲವ್ವನ ಹುಬ್ಬು ಗಂಟಿಕ್ಕಿತು. ಮತ್ತೆ ಹಾಡಿದರು, ಮತ್ತೆ ಅಲ್ಲಿಯೇ ಇಳಿಸಿದರು. ಆಕೆ ತಲೆ ಅಲ್ಲಾಡಿಸಿದಳು. ಶಿಷ್ಯರ ನಗು ನಿಂತುಹೋಯಿತು. ಗುರುಗಳು ತಪ್ಪುವುದುಂಟೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜನವರು ಅದೇ ಸಾಲನ್ನು ಹಾಗೆಯೇ ಎತ್ತಿಕೊಂಡಾಗ ನೀಲವ್ವ ಮುಂದೆ ಬಾಗಿ, ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿಬಿಟ್ಟಳು.

"ಹಂಗಲ್ರೀ."

ವರ್ಷದ ಮೇಲೆ ಹೆಂಡತಿಯ ದನಿ ಕೇಳಿದ ಫಕೀರಪ್ಪ ಕುಳಿತಲ್ಲಿಂದ ಎದ್ದುನಿಂತ. ಅಜ್ಜನವರು ಚಾಪೆ ಬಿಟ್ಟೆದ್ದು, ಬರಿನೆಲಕ್ಕೆ ಇಳಿದು, ಕೈಜೋಡಿಸಿ ಕುಳಿತರು.

"ಮ್ಯಾಲ ಕೂಡವ್ವ. ನನಗ ಕಲಿಸು."

ಆಕೆ ಕುಳಿತಳು, ಹಾಡಿದಳು. 'ಕಂದಾ' ಎಂಬಲ್ಲಿ ಆ ಬತ್ತಿದ ದನಿ ಮೇಲೇರಿತು, ಕಣ್ಣು ಮುಚ್ಚುತ್ತಿರುವ ಕೂಸನ್ನು ಇನ್ನೊಮ್ಮೆ ನೋಡಲೆಂದು ಕರೆದಂತೆ. ಆಮೇಲೆ ಅಳು ಬಂತು, ವರ್ಷದಿಂದ ಕಟ್ಟಿಕೊಂಡಿದ್ದ ಅಳು. ಅಜ್ಜನವರು ಸಮಾಧಾನ ಮಾಡಲು ಹೋಗಲಿಲ್ಲ. ನೆಲದ ಮೇಲೆ ಕುಳಿತೇ ತಂಬೂರಿ ಮೀಟುತ್ತಿದ್ದರು.

ಹೊರಡುವಾಗ ಫಕೀರಪ್ಪ ಅವರ ಪಾದ ಹಿಡಿದು, ಬೇಕೆಂದೇ ತಪ್ಪಿದಿರಾ ಎಂದು ಕೇಳಿದ.

"ಇಲ್ಲಪಾ ತಮ್ಮಾ. ಆ ಹಾಡು ಬ್ಯಾರೆ ಯಾರು ಹಾಡಿದ್ರೂ ತಪ್ಪ. ಆಕಿ ಹಾಡಿದ್ರಷ್ಟ ಸರಿ."

ಅಜ್ಜನವರು ಮುಂದೆ ಬಹಳ ವರ್ಷ ಬಾಳಿ, ಒಂದು ಶ್ರಾವಣದಲ್ಲಿ ಲಿಂಗೈಕ್ಯರಾದರು. ಅಂದು ನಕ್ಕ ಶಿಷ್ಯರು ತಾವೇ ಗವಾಯಿಗಳಾಗಿ ಊರೂರು ಸೇರಿದರು. ಕಲಿಯಲು ಬಂದವರನ್ನು, ನಿಮ್ಮವ್ವ ಯಾವ ಹಾಡು ಹಾಡುತ್ತಿದ್ದಳು ಎಂದು ಕೇಳಿಯೇ ಅವರು ಪಾಠ ಶುರುಮಾಡುತ್ತಿದ್ದರು. ಅವರ ಶಿಷ್ಯರೂ ಇಂದಿಗೂ ಹಾಗೆಯೇ ಕೇಳುತ್ತಾರೆ. ನೀಲವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಆದರೆ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಹಾಡಲು ಮೊದಲ ಕರೆ ಆಕೆಗೇ. ಫಕೀರಪ್ಪನಿಗೆ ಹಾಡು ಕೊನೆಗೂ ಬರಲಿಲ್ಲ. ಆದರೆ ಹೆಂಡತಿ ಒಲೆಯ ಮುಂದೆ ಗುನುಗಲು ಶುರುಮಾಡಿದರೆ ಸಾಕು, ಎಷ್ಟೇ ಅವಸರದ ಕೆಲಸವಿದ್ದರೂ ಮಗ್ಗ ನಿಲ್ಲಿಸಿ, ಲಾಳಿ ಕೈಯಲ್ಲಿ ಹಿಡಿದುಕೊಂಡು, ಮುಗಿಯುವತನಕ ಸುಮ್ಮನೆ ಕುಳಿತುಬಿಡುತ್ತಿದ್ದ.